ಮನೆ ನೋಡಿದ್ದಾಯಿತು, ಕಾಗದ ನೋಡಿದಿರಾ?

ತಗಡೂರಿನಂಥ ಊರಿನಲ್ಲಿ ಮನೆ ಮಾರಾಟಕ್ಕಿದೆ ಎಂದು ಯಾರೂ ಬೋರ್ಡು ಹಾಕುವುದಿಲ್ಲ. ಟೀ ಅಂಗಡಿಯಲ್ಲಿ ಒಂದು ಮಾತು ಬಿದ್ದರೆ ಸಾಕು, ನಂಜನಗೂಡಿನಲ್ಲಿರುವ ನೆಂಟರಿಗೂ ತಿ. ನರಸೀಪುರದ ದಲ್ಲಾಳಿಗೂ ಸುದ್ದಿ ಮುಟ್ಟುತ್ತದೆ. ಕೊಳ್ಳುವವರು ಬರುತ್ತಾರೆ. ಬಾಗಿಲು ಯಾವ ದಿಕ್ಕಿಗಿದೆ ಎಂದು ನೋಡುತ್ತಾರೆ, ಹಿತ್ತಿಲಿಗೆ ಹೋಗಿ ಬಾವಿ ಇಣುಕುತ್ತಾರೆ, ಜಗಲಿಯ ಮೇಲೆ ಕುಳಿತು ಬೆಲೆ ಕುದುರಿಸುತ್ತಾರೆ. ಎಲೆ ಅಡಿಕೆಯ ಮೇಲೆ ಅಡ್ವಾನ್ಸ್ ಇಟ್ಟರೆ ಮಾತು ಮುಗಿದಂತೆ. ಕಾಗದಪತ್ರದ ವಿಚಾರ ಎತ್ತುವುದು ಆಮೇಲೆ. ಎಷ್ಟೋ ಮನೆಗಳ ವ್ಯಾಜ್ಯ ಹುಟ್ಟುವುದು ಈ ತಲೆಕೆಳಗಾದ ಕ್ರಮದಿಂದಲೇ.

ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರಿಂದ, ಖಾದಿಯ ಕೆಲಸದಿಂದ ಹೆಸರಾದ ಊರಿದು. ಇಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಮನೆಗಳು ಮಾರಾಟಕ್ಕೆ ಬರುವ ಕಾರಣ ಬಹುಪಾಲು ಒಂದೇ ಬಗೆಯದು. ಮಕ್ಕಳು ನಂಜನಗೂಡಿನ ಕಾರ್ಖಾನೆಗೋ ಮೈಸೂರಿಗೋ ಬೆಂಗಳೂರಿಗೋ ಹೋಗಿ ನೆಲೆಸಿರುತ್ತಾರೆ. ಹಿರಿಯರು ತೀರಿಕೊಂಡ ಮೇಲೆ ಮನೆಗೆ ಬೀಗ ಬೀಳುತ್ತದೆ, ಹೆಂಚು ಜಾರುತ್ತದೆ, ಗೋಡೆ ಕುಸಿಯುವ ಮುಂಚೆ ಮಾರೋಣ ಎನ್ನುತ್ತಾರೆ. ಆಗ ತೆಗೆದು ನೋಡಿದರೆ ಖಾತೆ ತಾತನ ಹೆಸರಿನಲ್ಲಿಯೇ ಇರುತ್ತದೆ, ಕಂದಾಯದ ರಸೀದಿ ಹಿರಿಯ ಮಗನ ಹೆಸರಿನಲ್ಲಿರುತ್ತದೆ, ಕರೆಂಟ್ ಬಿಲ್ಲು ಮೂರನೆಯವರ ಹೆಸರಿನಲ್ಲಿರುತ್ತದೆ. ಇಂಥ ಮನೆ ಕೊಳ್ಳಬಾರದೆಂದಲ್ಲ. ಯಾರಿಂದ ಕೊಳ್ಳಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ. ಉಯಿಲು ಬರೆಯದೆ ತೀರಿಕೊಂಡರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಇದ್ದಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆರು ಜನರಿಗೂ ಸಮಪಾಲು, ಒಬ್ಬೊಬ್ಬರಿಗೆ ಆರರಲ್ಲಿ ಒಂದು ಭಾಗ. ಅಣ್ಣತಮ್ಮಂದಿರು ಇಬ್ಬರೇ ಸಹಿ ಹಾಕಿ ಮಾರಿದರೆ ಕೊಂಡವರಿಗೆ ಸಿಗುವುದು ಮನೆಯ ಮೂರರಲ್ಲಿ ಒಂದು ಪಾಲು, ಪೂರ್ತಿ ಹಣ ಕೊಟ್ಟಿದ್ದರೂ ಅಷ್ಟೇ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ವಿಭಾಗವಾಗದ ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಪಾಲನ್ನು ಹೊರಗಿನವರು ಕೊಂಡರೆ, ಉಳಿದವರೊಂದಿಗೆ ಆ ಮನೆಯಲ್ಲಿ ಸೇರಿ ಇರುವ ಹಕ್ಕು ಅವರಿಗೆ ಬರುವುದಿಲ್ಲವೆಂದು ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಮು ಹೇಳುತ್ತದೆ. ವಿಭಾಗಕ್ಕೆ ದಾವೆ ಹೂಡಬೇಕು. ಹೂಡಿದರೆ, ಆ ಪಾಲನ್ನು ತಾವೇ ಬೆಲೆ ಕೊಟ್ಟು ಕೊಳ್ಳುತ್ತೇವೆ ಎಂದು ಕುಟುಂಬದವರು ನ್ಯಾಯಾಲಯದಲ್ಲಿ ಕೇಳಬಹುದು. ಗೃಹಪ್ರವೇಶದ ಕನಸು ಕಂಡವರು ವರ್ಷಗಟ್ಟಲೆ ವಾಯಿದೆ ತಿರುಗಬೇಕಾಗುತ್ತದೆ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಹಳ್ಳಿಗಳಲ್ಲಿ ಇನ್ನೂ ತಪ್ಪು ತಿಳಿವಳಿಕೆಯಿದೆ. ಕರ್ನಾಟಕವು 1994ರಲ್ಲಿಯೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ತಂದಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ಮದುವೆಯಾದವರು, ಆಗದವರು ಎಂಬ ಭೇದವೂ ಹೋಯಿತು. ಆ ದಿನಕ್ಕೆ ತಂದೆ ಬದುಕಿರಬೇಕಿತ್ತೇ ಎಂಬ ಪ್ರಶ್ನೆ ಮತ್ತೆ ಹದಿನೈದು ವರ್ಷ ಕಾಡಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದಕ್ಕೆ ತೆರೆ ಎಳೆಯಿತು: ಮಗಳಿಗೆ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿದ್ದರೇ ಎಂಬುದು ಮುಖ್ಯವಲ್ಲ. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಸರಿಯಾಗಿ ನೋಂದಣಿಯಾದ ವಿಭಾಗಪತ್ರ ಅಥವಾ ಕ್ರಯಪತ್ರ ಇದ್ದರೆ ಅದಕ್ಕೆ ಧಕ್ಕೆಯಿಲ್ಲ. ‘ನಾವು ಬಾಯಿಮಾತಿನಲ್ಲಿ ಭಾಗ ಆಗಿದ್ದೀವಿ’ ಎಂಬ ಮಾತಿಗೆ ಮಾತ್ರ ಈಗ ಬೆಲೆ ಬಹಳ ಕಡಿಮೆ.

‘ಮದುವೇಲಿ ಚಿನ್ನ ಹಾಕಿದ್ದೀವಿ, ಅಕ್ಕಂದಿರು ಯಾವತ್ತೂ ಕೇಳಲ್ಲ’ ಎಂದು ಮಾರುವವರು ಭರವಸೆ ಕೊಡುತ್ತಾರೆ. ಮಾತು ಪ್ರಾಮಾಣಿಕವೇ ಇರಬಹುದು. ಆದರೆ ಕೊಳ್ಳುವವರಿಗೆ ಬೇಕಾದದ್ದು ಆ ಅಕ್ಕಂದಿರ ಸಹಿ, ಅದೂ ಸರಿಯಾದ ಜಾಗದಲ್ಲಿ. ಎಷ್ಟೋ ಕ್ರಯಪತ್ರಗಳಲ್ಲಿ ಅಕ್ಕತಂಗಿಯರ ಸಹಿಯನ್ನು ಸಾಕ್ಷಿಗಳ ಸಾಲಿನಲ್ಲಿ ಹಾಕಿಸುತ್ತಾರೆ. ಸಾಕ್ಷಿಯ ಸಹಿ ಹೇಳುವುದು ಇಷ್ಟೇ: ಇವರು ಬರೆದುಕೊಟ್ಟದ್ದನ್ನು ನಾನು ಕಂಡಿದ್ದೇನೆ. ಅದರಿಂದ ಪಾಲು ಕೈಬಿಟ್ಟುಹೋಗುವುದಿಲ್ಲ. ಹೆಣ್ಣುಮಕ್ಕಳು ಕ್ರಯಪತ್ರ ಬರೆದುಕೊಡುವವರ ಪಟ್ಟಿಯಲ್ಲಿಯೇ ಬರಬೇಕು. ಇಲ್ಲವೇ, ಅದಕ್ಕೂ ಮೊದಲೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟಿರಬೇಕು. ಕುಟುಂಬದೊಳಗಿನ ಇಂಥ ಪತ್ರಗಳಿಗೆ ಮುದ್ರಾಂಕ ಶುಲ್ಕ ಮಾರಾಟಕ್ಕೆ ಹೋಲಿಸಿದರೆ ತೀರಾ ಕಡಿಮೆ.

ಇಲ್ಲಿ ಕಾನೂನಿನಾಚೆಗೂ ಒಂದು ಮಾತಿದೆ. ಮಾರಿದ ಹಣದಲ್ಲಿ ಅಕ್ಕತಂಗಿಯರಿಗೆ ಪಾಲು ಕೊಡುವುದು ನ್ಯಾಯ. ಸಹಿ ಮಾತ್ರ ಬೇಕು, ದುಡ್ಡು ಬೇಡ ಎಂಬ ನಡತೆಯಿಂದ ಎಷ್ಟು ತವರುಮನೆಗಳ ಬಾಗಿಲು ಮುಚ್ಚಿವೆ ಎಂಬುದು ಈ ಸೀಮೆಯ ಪ್ರತಿ ಊರಿಗೂ ಗೊತ್ತು. ಪ್ರತಿಯೊಬ್ಬರ ಪಾಲಿನ ಹಣ ಅವರವರ ಬ್ಯಾಂಕ್ ಖಾತೆಗೆ ಬೇರೆಬೇರೆಯಾಗಿ ಹೋಗುವಂತೆ ಕ್ರಯಪತ್ರದಲ್ಲಿಯೇ ಬರೆಸುವುದು ಒಳ್ಳೆಯದು. ಮುಂದೆ ಯಾರೂ ‘ನನಗೆ ಏನೂ ಮುಟ್ಟಿಲ್ಲ’ ಎನ್ನಲಾಗದು, ಕೊಂಡವರಿಗೂ ಭದ್ರತೆ.

ಅಪ್ರಾಪ್ತ ವಯಸ್ಸಿನ ಮಕ್ಕಳ ಹೆಸರಿನಲ್ಲಿ ಮನೆಯಿದ್ದರೆ ತಾಯಿಯೋ ತಂದೆಯೋ ತಾವಾಗಿ ಮಾರುವಂತಿಲ್ಲ, ನ್ಯಾಯಾಲಯದ ಅನುಮತಿ ಬೇಕು. ಅನುಮತಿಯಿಲ್ಲದೆ ಮಾರಿದ್ದರೆ ಆ ಮಗು ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಮಾರಾಟವನ್ನು ಪ್ರಶ್ನಿಸಬಹುದು.

ವಾರಸುದಾರರು ಯಾರು ಎಂಬುದಕ್ಕೆ ವಂಶವೃಕ್ಷ ನೋಡಬೇಕು. ಆದರೆ ಅದು ಕೊಟ್ಟ ಮಾಹಿತಿಯ ಮೇಲೆ ತಯಾರಾಗುವ ಕಾಗದ. ಮದುವೆಯಾಗಿ ದೂರ ಹೋದ ಮಗಳ ಹೆಸರು ಬಿಟ್ಟುಹೋಗಿರುವುದುಂಟು. ಹಾಗಾಗಿ ಊರಿನಲ್ಲಿ ನಾಲ್ಕು ಜನರನ್ನು, ಅದರಲ್ಲೂ ವಯಸ್ಸಾದ ಹೆಂಗಸರನ್ನು ಕೇಳಬೇಕು. ಯಾವ ಮನೆಯ ಯಾವ ಹುಡುಗಿಯನ್ನು ಯಾವ ಊರಿಗೆ ಕೊಟ್ಟಿದ್ದಾರೆ ಎಂಬುದು ಅವರಿಗೆ ನೆನಪಿರುತ್ತದೆ.

ಇನ್ನು ಮನೆಯ ಜಾತಕ. ಗ್ರಾಮಠಾಣದೊಳಗಿನ ಮನೆಗೂ ಊರಾಚೆಯ ಜಮೀನಿನಲ್ಲಿ ಎದ್ದ ಮನೆಗೂ ಕಾನೂನಿನ ಕಣ್ಣಿನಲ್ಲಿ ಬಹಳ ವ್ಯತ್ಯಾಸವಿದೆ. ಪಂಚಾಯಿತಿ ವ್ಯಾಪ್ತಿಯ ಸ್ವತ್ತುಗಳಿಗೆ ಇ-ಸ್ವತ್ತು ವ್ಯವಸ್ಥೆ ಬಂದದ್ದು 2013ರಲ್ಲಿ. ಗ್ರಾಮಠಾಣದಲ್ಲಿರುವ, ಭೂ ಪರಿವರ್ತನೆಯಾಗಿ ಅನುಮೋದನೆ ಪಡೆದ ಬಡಾವಣೆಯಲ್ಲಿರುವ, ಅಥವಾ ಸರ್ಕಾರದ ವಸತಿ ಯೋಜನೆಯಲ್ಲಿ ಕೊಟ್ಟ ಸ್ವತ್ತಿಗೆ ನಮೂನೆ 9 ಮತ್ತು 11ಎ ಸಿಗುತ್ತದೆ. ಈ ಅರ್ಹತೆ ಇಲ್ಲದವು 11ಬಿ ಪಟ್ಟಿಗೆ ಸೇರುತ್ತವೆ. 11ಬಿ ಇದೆ ಎಂದರೆ ಪಂಚಾಯಿತಿ ತೆರಿಗೆ ತೆಗೆದುಕೊಳ್ಳುತ್ತಿದೆ ಎಂದರ್ಥ, ಬಡಾವಣೆ ಸಕ್ರಮವೆಂದಲ್ಲ. ಬ್ಯಾಂಕಿನವರು ಸಾಲ ಕೊಡಲು ಹಿಂದೆಮುಂದೆ ನೋಡುವುದೂ ಇಲ್ಲಿಯೇ. ಮೈಸೂರು–ನಂಜನಗೂಡು ಹೆದ್ದಾರಿಯ ಆಸುಪಾಸಿನಲ್ಲಿ ‘ಒಂದು ಗುಂಟೆ’ ಲೆಕ್ಕದಲ್ಲಿ ಮಾರುವ ರೆವಿನ್ಯೂ ಸೈಟುಗಳು ಬಡವರ ಉಳಿತಾಯವನ್ನು ನುಂಗುವುದು ಹೀಗೆ. ಗುಂಟೆಗೆ 1,089 ಚದರ ಅಡಿ. 30×40 ಸೈಟಿಗಿಂತ ಸ್ವಲ್ಪ ಕಡಿಮೆ ಜಾಗ ಅರ್ಧ ಬೆಲೆಗೆ ಸಿಕ್ಕಿತೆಂದು ಸಂತೋಷಪಟ್ಟವರಿಗೆ ಮನೆ ಕಟ್ಟುವ ಪರವಾನಗಿ ಕೇಳುವಾಗ ಸಂಕಟ ಶುರುವಾಗುತ್ತದೆ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಹೊಸದಾಗಿ ಬಡಾವಣೆ ಮಾಡಿ ಮಾರುವವರು ರೇರಾದಲ್ಲಿ ನೋಂದಾಯಿಸಿರಬೇಕು. ಆ ಸಂಖ್ಯೆಯನ್ನು ಕೇಳಿ, ಕರ್ನಾಟಕ ರೇರಾದ ಜಾಲತಾಣದಲ್ಲಿ ತಾಳೆ ನೋಡುವುದಕ್ಕೆ ಖರ್ಚೇನೂ ಇಲ್ಲ.

ಜಮೀನಿನ ಮೂಲ ಕೆದಕಿದಾಗ ಅದು ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದೆಂದು ಗೊತ್ತಾದರೆ ಅಲ್ಲಿಗೇ ನಿಲ್ಲಬೇಕು. 1979ರ ಜನವರಿ 1ರಿಂದ ಜಾರಿಯಲ್ಲಿರುವ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅಂಥ ಜಮೀನು ಕೊಂಡರೆ ಕ್ರಯ ಅಸಿಂಧು. ಜಮೀನು ಮೂಲ ಮಂಜೂರುದಾರರಿಗೋ ಅವರ ವಾರಸುದಾರರಿಗೋ ಮರಳುತ್ತದೆ. ತುಂಬಾ ವರ್ಷವಾಯಿತು ಎಂಬ ವಾದಕ್ಕೆ ಆಸ್ಪದ ಇರದಂತೆ 2023ರಲ್ಲಿ ಕಾಲಮಿತಿಯನ್ನೂ ತೆಗೆದುಹಾಕಲಾಗಿದೆ. ಕಷ್ಟಕಾಲದಲ್ಲಿ ಕೈತಪ್ಪಿದ ಭೂಮಿ ಬಡವರಿಗೆ ಮರಳಬೇಕೆಂಬ ಈ ಕಾನೂನು ಸರಿಯಾದದ್ದೇ. ಸೈಟು ಕೊಳ್ಳುವವರು ಮಂಜೂರಾತಿಯ ದಾಖಲೆವರೆಗೆ ಹೋಗದೆ ದುಡ್ಡು ಕಟ್ಟುವುದು ತಪ್ಪು. ಆಶ್ರಯದಂಥ ಯೋಜನೆಗಳ ಮನೆ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗೆ 94ಸಿ ಅಡಿ ಸಿಕ್ಕ ಹಕ್ಕುಪತ್ರ ಇವುಗಳಲ್ಲಿಯೂ ಪರಭಾರೆಗೆ ಷರತ್ತು ಇದೆಯೇ ಎಂದು ಪತ್ರದ ಹಿಂದುಮುಂದು ಪೂರ್ತಿ ಓದಬೇಕು.

ಋಣಭಾರ ಪತ್ರ, ಎಲ್ಲರ ಬಾಯಲ್ಲಿ ಇಸಿ, ತೆಗೆಸುವುದು ಈಗ ಸುಲಭ. ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ವಿವರ ಮನೆಯಲ್ಲಿ ಕುಳಿತೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಕನಿಷ್ಠ 30 ವರ್ಷದ ಇಸಿ ನೋಡುವುದು ವಕೀಲರ ವಾಡಿಕೆ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಛಾಪಾ ಕಾಗದದ ಮೇಲೆ ಬರೆದು ಪೆಟ್ಟಿಗೆಯಲ್ಲಿಟ್ಟ ಕ್ರಯಕರಾರು, ಕೋರ್ಟಿನಲ್ಲಿ ನಡೆಯುತ್ತಿರುವ ಪಾಲಿನ ದಾವೆ, ಬಾಕಿ ಕಂದಾಯ ಇವು ಇಸಿಯಲ್ಲಿ ಬರುವುದಿಲ್ಲ. ದಾವೆ ನಡೆಯುತ್ತಿರುವಾಗ ಕೊಂಡವರು ಮುಂದೆ ಬರುವ ತೀರ್ಪಿಗೆ ಬದ್ಧರು, ‘ಗೊತ್ತಿರಲಿಲ್ಲ’ ಎಂದರೆ ನಡೆಯದು. ಮಾರುವವರ ಹೆಸರಿನ ಮೇಲೆ ಪ್ರಕರಣವಿದೆಯೇ ಎಂದು ಇ-ಕೋರ್ಟ್ಸ್ ಸೇವೆಯಲ್ಲಿ ಹುಡುಕಬಹುದು.

ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರದ ಮೇಲೆ ಮನೆ ಕೊಡುತ್ತೇವೆ ಎನ್ನುವವರು ಇನ್ನೂ ಇದ್ದಾರೆ. 2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ: ಜಿಪಿಎ, ಕರಾರು, ಉಯಿಲು ಮೂರನ್ನೂ ಸೇರಿಸಿ ಕೊಟ್ಟರೂ ಮಾಲೀಕತ್ವ ವರ್ಗವಾಗುವುದಿಲ್ಲ, ಅದಕ್ಕೆ ನೋಂದಾಯಿತ ಕ್ರಯಪತ್ರವೇ ಬೇಕು. ಹಾಗೆಯೇ ಖಾತೆಯೂ ತೆರಿಗೆಯ ದಾಖಲೆಯೇ ಹೊರತು ಮಾಲೀಕತ್ವದ ಪತ್ರವಲ್ಲ.

ಕಾಗದ ಸರಿಯಿದ್ದರೆ ಮನೆಯ ಮೈ ನೋಡಬೇಕು, ಆದಷ್ಟೂ ಮಳೆಗಾಲದಲ್ಲಿ. ಕಬಿನಿ ತುಂಬಿ ಹರಿದಾಗ ನಂಜನಗೂಡಿನ ತಗ್ಗು ಬೀದಿಗಳಿಗೆ ನೀರು ನುಗ್ಗುವುದು ಹೊಸದಲ್ಲ. 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆಯೇ ನೀರು ನಿಂತು ಮೈಸೂರು ರಸ್ತೆ ಬಂದಾಗಿತ್ತು. ಹೊಳೆಯ ದಂಡೆಯ ಮನೆಯಾದರೆ ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಪಕ್ಕದ ಮನೆಯವರನ್ನು ಕೇಳಬೇಕು. ನಾಲೆಯ ಕೆಳಗಿನ ಊರುಗಳಲ್ಲಿ ಗದ್ದೆಗೆ ನೀರು ಬಿಟ್ಟಾಗ ಗೋಡೆಯ ಬುಡ ತೇವ ಹೀರುತ್ತದೆ. ಎರೆಮಣ್ಣಿನ ನೆಲದಲ್ಲಿ ತಳಪಾಯ ಆಳವಿಲ್ಲದಿದ್ದರೆ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಹೊಸದಾಗಿ ಸುಣ್ಣ ಬಣ್ಣ ಬಳಿದ ಮನೆಯಾದರೆ ಇನ್ನೂ ಎಚ್ಚರ ಬೇಕು.

ಹಳೆಯ ಮನೆಗಳಲ್ಲಿ ಅಳತೆಯ ಗೊಂದಲ ಸಾಮಾನ್ಯ. ಹಳೆಯ ಪತ್ರ ಅಂಕಣದ ಲೆಕ್ಕದಲ್ಲಿರುತ್ತದೆ, ಹೊಸದು ಅಡಿಯಲ್ಲಿ. ಚಕ್ಕುಬಂದಿಯಲ್ಲಿ ಬರೆದ ನೆರೆಯವರು ತೀರಿಹೋಗಿ ಎರಡು ತಲೆಮಾರಾಗಿರುತ್ತದೆ. ಪಕ್ಕದವರೊಂದಿಗೆ ಹಂಚಿಕೊಂಡ ಗೋಡೆ ಯಾರದು, ಬಚ್ಚಲ ನೀರು ಯಾರ ಹಿತ್ತಿಲಿನಲ್ಲಿ ಹರಿಯುತ್ತದೆ, ಹಿಂದಿನ ಮನೆಯವರು ಓಡಾಡುವ ದಾರಿ ಇದರೊಳಗೇ ಹಾದುಹೋಗುತ್ತದೆಯೇ ಇವೆಲ್ಲ ಮುಂಚೆಯೇ ತಿಳಿಯಬೇಕು. ಟೇಪು ಹಿಡಿದು, ನೆರೆಹೊರೆಯವರ ಎದುರಿಗೇ ಅಳೆಯುವುದು ವಾಸಿ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಬಳಸಿ ಗ್ರಾಮಠಾಣಗಳ ಅಳತೆ ನಡೆಸಿ ಆಸ್ತಿ ಕಾರ್ಡು ಕೊಡಲಾಗುತ್ತಿದೆ. ಮನೆಗೆ ಅದು ಬಂದಿದ್ದರೆ ಪತ್ರದ ಅಳತೆಯೊಂದಿಗೆ ಹೋಲಿಸಿ ನೋಡಬೇಕು.

ಈಗ ಹಣದ ಮಾತು. ಕರ್ನಾಟಕದಲ್ಲಿ ಮನೆಯ ಕ್ರಯಕ್ಕೆ ಸಾಮಾನ್ಯ ಮುದ್ರಾಂಕ ಶುಲ್ಕ ಶೇ 5. ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿದರೆ ಗ್ರಾಮಾಂತರದಲ್ಲಿ ಶೇ 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಒಟ್ಟು ಶೇ 7.65. ಸರ್ಕಾರದ ಮಾರ್ಗಸೂಚಿ ದರ, ನಿಜವಾಗಿ ಕೊಟ್ಟ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಲೆಕ್ಕ. ಈ ಖರ್ಚು ಉಳಿಸಲು ಪತ್ರದಲ್ಲಿ ಬೆಲೆ ಇಳಿಸಿ ಬರೆಸುವುದು ರೂಢಿಯಾಗಿಬಿಟ್ಟಿದೆ. 18 ಲಕ್ಷಕ್ಕೆ ಕೊಂಡ ಮನೆಗೆ ಪತ್ರದಲ್ಲಿ 8 ಲಕ್ಷ ತೋರಿಸಿದರೆ ಉಳಿಯುವುದು 76,500 ರೂಪಾಯಿ. ಮುಂದೊಂದು ದಿನ ಅದೇ ಮನೆ ಮಾರುವಾಗ ಆ 10 ಲಕ್ಷ ಲಾಭವೆಂದು ಲೆಕ್ಕಕ್ಕೆ ಬರುತ್ತದೆ. ಶೇ 12.5ರ ದರದಲ್ಲಿ ಅದರ ಮೇಲೆ ತೆರಿಗೆಯೇ 1,25,000 ರೂಪಾಯಿ. ಹಕ್ಕಿನಲ್ಲಿ ದೋಷ ಕಂಡುಬಂದು ಹಣ ವಾಪಸು ಕೇಳಬೇಕಾಗಿ ಬಂದರೆ ಕೈಯಲ್ಲಿರುವ ಪುರಾವೆ 8 ಲಕ್ಷಕ್ಕೆ ಮಾತ್ರ. ಇದು ಕಾನೂನಿಗೂ ವಿರುದ್ಧ, ಲೆಕ್ಕದಲ್ಲೂ ನಷ್ಟ.

ಅಡ್ವಾನ್ಸ್ ಕೊಡುವಾಗ ನೋಟಿನ ಕಟ್ಟು ಎಣಿಸುವ ಅಭ್ಯಾಸವನ್ನೂ ಬಿಡಬೇಕು. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದೆಂಬ ನಿಯಮ 2015ರ ಜೂನ್‌ನಿಂದ ಇದೆ. ಕ್ರಯಕರಾರಿನಲ್ಲಿ ಒಟ್ಟು ಬೆಲೆ, ಕೊಟ್ಟ ಮುಂಗಡ, ನೋಂದಣಿಯ ಗಡುವು, ಯಾವ ದಾಖಲೆಯನ್ನು ಯಾರು ತರಬೇಕು, ತಪ್ಪಿದರೆ ಹಣ ಹೇಗೆ ಹಿಂದಿರುಗಬೇಕು ಎಂಬುದೆಲ್ಲ ಇರಬೇಕು. ಮಾರುವವರು ಮಾತು ತಪ್ಪಿದರೆ ಗಡುವು ಮುಗಿದ ದಿನದಿಂದ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬೇಕು, ಆಮೇಲೆ ಕರಾರಿಗೆ ಬಲವಿಲ್ಲ. ಆಷಾಢದಲ್ಲಿ ಮನೆ ವ್ಯವಹಾರ ಬೇಡ ಎನ್ನುವ ಕುಟುಂಬಗಳು ಆ ತಿಂಗಳನ್ನು ಕಾಗದ ಹುಡುಕುವುದಕ್ಕೆ ಇಟ್ಟುಕೊಂಡರೆ ಶ್ರಾವಣದ ಹೊತ್ತಿಗೆ ಎಲ್ಲ ಸಿದ್ಧವಿರುತ್ತದೆ.

ಮಾರುವವರಿಗೂ ಇದೇ ಬುದ್ಧಿಮಾತು ಸಲ್ಲುತ್ತದೆ. ಗಿರಾಕಿ ಬರುವ ಮುಂಚೆಯೇ ಪೌತಿ ಖಾತೆ ಮಾಡಿಸಿ, ಕಂದಾಯ ಬಾಕಿ ತೀರಿಸಿ, ಇ-ಸ್ವತ್ತಿನ ದಾಖಲೆಯಲ್ಲಿ ಹೆಸರು, ಅಳತೆ ಸರಿಪಡಿಸಿದ ಮನೆಗೆ ಬೆಲೆ ಹೆಚ್ಚು. ಬ್ಯಾಂಕ್ ಸಾಲ ಸಿಗುವ ಮನೆ ಎಂದಮೇಲೆ ಕೊಳ್ಳುವವರ ಸಂಖ್ಯೆಯೂ ಹೆಚ್ಚು. ಕಾಗದ ಅರ್ಧಂಬರ್ಧ ಇದ್ದರೆ ದಲ್ಲಾಳಿಯೇ ಅದನ್ನು ನೆಪವಾಗಿಸಿ ದರ ಇಳಿಸುತ್ತಾನೆ. ತೆರಿಗೆಯ ಬಗ್ಗೆ ಒಂದು ತಪ್ಪು ಕಲ್ಪನೆ: ಹಳ್ಳಿಯ ಕೃಷಿಭೂಮಿ ಮಾರಿದರೆ ಲಾಭದ ಮೇಲೆ ಆದಾಯ ತೆರಿಗೆ ಇಲ್ಲ, ಅದನ್ನು ಕೇಳಿದವರು ಹಳ್ಳಿಯ ಮನೆಗೂ ಇಲ್ಲವೆಂದುಕೊಳ್ಳುತ್ತಾರೆ. ಮನೆಗೆ ಆ ವಿನಾಯಿತಿ ಇಲ್ಲ. ಹಿರಿಯರಿಂದ ಬಂದ ಹಳೆಯ ಮನೆಯಾದರೆ 2001ರ ಏಪ್ರಿಲ್ 1ರಂದು ಅದಕ್ಕಿದ್ದ ಬೆಲೆಯನ್ನು ಅಸಲಾಗಿ ಹಿಡಿಯಲು ಅವಕಾಶವಿದೆ. ಬಂದ ಲಾಭವನ್ನು ಎರಡು ವರ್ಷದೊಳಗೆ ಮತ್ತೊಂದು ಮನೆ ಕೊಳ್ಳಲು, ಅಥವಾ ಮೂರು ವರ್ಷದೊಳಗೆ ಕಟ್ಟಿಸಲು ಬಳಸಿದರೆ ತೆರಿಗೆ ಉಳಿಯುತ್ತದೆ. ಮಾರುವ ಮುಂಚೆ ಲೆಕ್ಕಪರಿಶೋಧಕರೊಬ್ಬರನ್ನು ಕಂಡರೆ ಆ ಖರ್ಚು ನಷ್ಟವಾಗದು.

2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ತಗಡೂರಿನ ಮನೆಯ ಪತ್ರಕ್ಕೆ ಮೈಸೂರಿನಲ್ಲಿರುವ ಅಣ್ಣತಮ್ಮಂದಿರು ಅಲ್ಲಿಯೇ ಸಹಿ ಹಾಕಬಹುದು. ನೋಂದಣಿಯಾದ ಮೇಲೂ ಕೆಲಸ ಉಳಿದಿರುತ್ತದೆ. ಪಂಚಾಯಿತಿಯಲ್ಲಿ ಖಾತೆ ಬದಲಾಗಬೇಕು, ಹಿಂದಿನ ಮೂಲಪತ್ರಗಳೆಲ್ಲ ಕೈಗೆ ಬರಬೇಕು, ಸೆಸ್ಕ್ ಕಚೇರಿಯಲ್ಲಿ ಆರ್‌ಆರ್ ನಂಬರು ಹೊಸಬರ ಹೆಸರಿಗೆ ಆಗಬೇಕು. ಗೃಹಜ್ಯೋತಿ ಹಳೆಯ ಯಜಮಾನರ ಆಧಾರ್‌ಗೆ ಜೋಡಣೆಯಾಗಿದ್ದರೆ ಅದನ್ನೂ ಬಿಡಿಸಿಕೊಳ್ಳಬೇಕು.

ವಕೀಲರ ಶುಲ್ಕಕ್ಕೆ ಹೆದರಿ ಪತ್ರ ತೋರಿಸದೆ ಇರುವವರು, ಓದಲು ಬಾರದೆಂದು ಹೆಬ್ಬೆಟ್ಟು ಒತ್ತಿಬಿಡುವ ತಾಯಂದಿರು ಒಂದು ವಿಷಯ ತಿಳಿದಿರಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋದರೆ ಸಲಹೆ ಸಿಗುತ್ತದೆ. ಫೋನಿನಲ್ಲಿ ಕೇಳುವವರಿಗೆ ಸಹಾಯವಾಣಿ 15100. ಸಹಿ ಹಾಕುವ ಮುಂಚೆಯೇ ಕೇಳಿ.